ಹನ್ನೊಂದು ಸೆಕೆಂಡಿನ ಜಾಗ

“ನಂಗಿನ್ನೂ ಸರಿಯಾಗಿ ಅರ್ಥ ಆಗ್ಲಿಲ್ಲಪ್ಪ. ಇನ್ನೊಂದ್ಸಲ ತೋರ್ಸು,” ಎಂದರು ಸುವಿತ್ರಿ.

ಇದು ಮೂರನೆಯ ಸಲ. ಕೊಮಾಂಗ್ ವಿರಾತ ಕತ್ತು ಕೆರೆದುಕೊಂಡು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. ಇಪ್ಪತ್ತಾರು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು, ಎಂತೆಂಥವರ ಬಾಯಿ ಬಿಡಿಸಿ ನಿವೃತ್ತಿಯಾದ ಹೆಂಗಸು ಈಗ ಏನೂ ತಿಳಿಯದ ದೊಡ್ಡಮ್ಮನ ಹಾಗೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಅವರ ಈ ಮಂಕುತನ ನಂಬಿ ಹಳ್ಳಕ್ಕೆ ಬಿದ್ದವರನ್ನು ಎಣಿಸುವುದು ನಾನು ಬಿಟ್ಟು ಬಹಳ ದಿನವಾಯಿತು.

ನಮ್ಮ ದ್ವೀಪದ ರಾಜಧಾನಿ ದೆನ್ಪಸಾರಿನಲ್ಲಿ, ಪಂಕ್ಚರ್ ಅಂಗಡಿಯೊಂದರ ಹಿಂದಿನ ಕೋಣೆ ಅದು, ವಿರಾತ ಆಟದ ವಿಡಿಯೊ ಮಾಡುವ ಜಾಗ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು, ಸದ್ದು ಒಳಗೆ ಬರದಿರಲಿ ಎಂದು. ಬರುತ್ತಲೇ ಇತ್ತು. ಅಂಗಡಿಯ ಗಾಳಿಯಂತ್ರ ಐದು ನಿಮಿಷಕ್ಕೊಮ್ಮೆ ಗುಡುಗುತ್ತಿತ್ತು, ರಸ್ತೆಯಲ್ಲಿ ಬೈಕುಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಮಧ್ಯಾಹ್ನ ಮೂರರ ಸೆಕೆಗೆ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಚಾಪೆಯ ಮೇಲೆ ಅರ್ತಿನಿ ಕೂತಿದ್ದಳು. ತಮ್ಮ ದರ್ಸನ ಕಾಣೆಯಾಗಿ ಇಪ್ಪತ್ತನಾಲ್ಕು ದಿನ. ‘ಅಕ್ಕನ ಮನೆಗೆ ಹೋಗಿ ಬರ್ತೀನಿ’ ಎಂದು ಹೊರಟವನು ಅಕ್ಕನ ಮನೆ ಮುಟ್ಟಲೇ ಇಲ್ಲ. ಆದರೆ ಆಮೇಲೆ ಅವನ ದನಿ ಇರುವ, ಕಂಪ್ಯೂಟರ್ ಆಟದ ಮೂರು ವಿಡಿಯೊ ಇಂಟರ್ನೆಟ್ಟಿನಲ್ಲಿ ಬಂದಿದ್ದವು. ಪೊಲೀಸರಿಗೆ ಅಷ್ಟು ಸಾಕಾಯಿತು. ಹುಡುಗ ಬದುಕಿದ್ದಾನೆ, ಇಷ್ಟಪಟ್ಟು ಹೋಗಿದ್ದಾನೆ, ನಾಳೆ ಬೆಳಿಗ್ಗೆ ಫೈಲು ಮುಚ್ಚುತ್ತೇವೆ ಎಂದುಬಿಟ್ಟಿದ್ದರು.

ಬದುಕಿದ್ದರೆ ಅಮ್ಮನಿಗೆ ಒಂದು ಫೋನು ಯಾಕೆ ಮಾಡಲಿಲ್ಲ, ಸತ್ತಿದ್ದರೆ ಹುಡುಕುವುದು ಯಾಕೆ ನಿಲ್ಲಿಸಿದಿರಿ? ಅರ್ತಿನಿ ಎಲ್ಲರನ್ನೂ ಕೇಳುತ್ತಿದ್ದದ್ದು ಇದೊಂದೇ. ಕೇಳುತ್ತ ಕೇಳುತ್ತ ಕೊನೆಗೆ ಸುವಿತ್ರಿಯವರ ಬಳಿಗೆ ಬಂದಿದ್ದಳು. ಉತ್ತರ ಹುಡುಕಿಕೊಡಲು ನಮಗೆ ಉಳಿದಿದ್ದದ್ದು ಇವತ್ತಿನ ಸಂಜೆ ಮಾತ್ರ.

“ನೋಡಿ ಬು,” ಎಂದ ವಿರಾತ. ನಮ್ಮಲ್ಲಿ ದೊಡ್ಡ ಹೆಂಗಸರನ್ನು ಹಾಗೇ ಕರೆಯುವುದು, ಗಂಡಸರನ್ನು ‘ಪಾಕ್’ ಎಂದು. “ಮೊದಲು ನಾನು ಆಟ ಆಡ್ತೀನಿ. ಆಡಿದ್ದು ಹಾಗೇ ರೆಕಾರ್ಡ್ ಆಗುತ್ತೆ, ಆಟದ ಸದ್ದಿನ ಜೊತೆ. ಅದು ಮೇಲಿನ ಸಾಲು. ಆಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸ್ತೀವಿ, ಮಾತಿಂದು. ಮಾತು ಬರೋ ಕಡೆಯೆಲ್ಲ ಆಟದ ಸದ್ದು ತಗ್ಗಿಸ್ಬೇಕು. ಇಲ್ಲಾಂದ್ರೆ ಗುಂಡಿನ ಸದ್ದಲ್ಲಿ ಮಾತು ಮುಳುಗಿ ಹೋಗುತ್ತೆ.”

“ಮಾತು ಮುಗಿದ ಮೇಲೆ?”

“ಮತ್ತೆ ಏರಿಸೋದು. ಮಾತಿಗೆ ಜಾಗ ಮಾಡಿಕೊಡೋದು, ಅಷ್ಟೇ.”

ಪರದೆಯ ಮೇಲೆ ಎರಡು ಸಾಲು ಹಲ್ಲುಗಳ ಹಾಗೆ ಏನೋ ಏರಿಳಿಯುತ್ತಿತ್ತು. ಲಕ್ಷಾಂತರ ಜನ ನೋಡುವ ‘ಪಿಸುಮಾತಿನ ಆಟಗಾರ’ ಒಬ್ಬನೇ ಎಂದು ಊರೆಲ್ಲ ನಂಬಿತ್ತು. ನಿಜಕ್ಕೂ ಇಬ್ಬರು. ಕೈ ವಿರಾತನದು, ದನಿ ದರ್ಸನನದು. ಇಡೀ ಆಟಕ್ಕೆ ಅವನು ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ ಪಿಸುಗುಡುತ್ತಿದ್ದ. ಯಾರೋ ಬೆನ್ನ ಹಿಂದೆ ಕೂತು ಮಾತಾಡಿದ ಹಾಗಿರುತ್ತದೆ ಎಂದು ಜನ ಅದಕ್ಕೇ ಮುಗಿಬೀಳುತ್ತಿದ್ದರಂತೆ. ಇಂಥದ್ದಕ್ಕೂ ಮುಗಿಬೀಳುವ ಜನ ಇರುತ್ತಾರೆಂದು ನನಗೆ ಈ ವಾರವಷ್ಟೇ ಗೊತ್ತಾದದ್ದು.

“ನಮ್ಮ ಲಂದ್ರನಿಗೆ ಆ ಮಾತಿನ ಸಾಲು ಒಂದನ್ನೇ ಕೇಳಿಸ್ತೀಯಾ? ಪಾಪ, ವಯಸ್ಸಾಯ್ತು, ಎರಡೂ ಸೇರಿದ್ರೆ ಕಲಸುಮೇಲೋಗರ ಆಗುತ್ತೆ,” ಎಂದರು ಸುವಿತ್ರಿ.

ನನಗೆ ಅರವತ್ತೆರಡು. ಗೊಂಗ್ ಎನ್ನುವ ಕಂಚಿನ ಜಾಗಟೆಗಳ ಶ್ರುತಿ ನೋಡುವುದು ನನ್ನ ಕಸುಬು. ಜೋಡಿ ಗೊಂಗಿನಲ್ಲಿ ಒಂದು ಕೂದಲೆಳೆಯಷ್ಟು ಏರಿದ್ದರೂ ಇಳಿದಿದ್ದರೂ ನನ್ನ ಕಿವಿಗೆ ಗೊತ್ತಾಗುತ್ತದೆ. ಸುವಿತ್ರಿ ನನ್ನನ್ನು ಎಳೆದುಕೊಂಡು ತಿರುಗುವುದು ಈ ಕಿವಿಗಾಗಿಯೇ ಹೊರತು ನನ್ನ ಮೋರೆ ನೋಡಲಿಕ್ಕಲ್ಲ.

ವಿರಾತ ಹೆಡ್‌ಫೋನು ಕೊಟ್ಟ. ಅವನು ತೆರೆದಿದ್ದದ್ದು ಎರಡನೆಯ ವಿಡಿಯೊ, ದರ್ಸನ ಕಾಣೆಯಾದ ಮೇಲೆ ಹತ್ತನೆಯ ದಿನ ಬಂದದ್ದು. ಆಟದ ಸಾಲನ್ನು ಬಂದ್ ಮಾಡಿ ಮಾತಿನ ಸಾಲನ್ನಷ್ಟೇ ಬಿಟ್ಟ.

‘ಎಡಗಡೆ ಒಬ್ಬ ಇದ್ದಾನೆ... ಉಸಿರು ಬಿಡಬೇಡಿ... ಬಂದ, ಬಂದ.’

ದನಿ ನಿಂತಿತು. ಮುಂದಿನ ಮಾತಿನ ತನಕ ಅಲ್ಲಿ ಏನೂ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಪಿಸುಮಾತು ಹಿಡಿಯಬೇಕಾದರೆ ಮೈಕಿನ ಕಿವಿ ದೊಡ್ಡದು ಮಾಡಬೇಕು. ಆಗ ಅದು ಪಿಸುಮಾತಿನ ಜೊತೆಗೆ ಊರಿನ ಉಸಾಬರಿಯನ್ನೆಲ್ಲ ಹಿಡಿಯುತ್ತದೆ. ಈ ಸಾಲಿನಲ್ಲಿ ಬೈಕು ಇರಲಿಲ್ಲ. ವಿಮಾನ ಇರಲಿಲ್ಲ. ಮುಂದಿನ ಅಂಗಡಿಯ ಗಾಳಿಯಂತ್ರ ಇರಲಿಲ್ಲ. ಬಹಳ ದೂರದಲ್ಲಿ ಒಂದು ನಾಯಿ, ಸೂರಿನಲ್ಲಿ ಒಂದು ಹಲ್ಲಿ, ಒಣಗಿದ ತೆಂಗಿನ ಗರಿ ಗೋಡೆಗೆ ಉಜ್ಜುವ ಸದ್ದು. ಹಲ್ಲಿಯ ಸದ್ದು ಕೇಳುವಷ್ಟು ದೆನ್ಪಸಾರ್ ಸುಮ್ಮನಿರುವುದು ವರ್ಷಕ್ಕೆ ಒಂದೇ ದಿನ.

ನಾನು ಹೆಡ್‌ಫೋನು ತೆಗೆದೆ. “ಇದು ನ್ಯೆಪಿ ದಿನದ್ದು,” ಎಂದೆ.

ವಿರಾತನ ಕೈ ಮೌಸಿನ ಮೇಲೆ ಹಾಗೇ ನಿಂತಿತು.

ಶಕವರ್ಷದ ಮೊದಲ ದಿನ ನಮಗೆ ನ್ಯೆಪಿ. ಅವತ್ತು ಒಲೆ ಉರಿಯುವಂತಿಲ್ಲ, ದೀಪ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಹೊಸಿಲು ದಾಟುವಂತಿಲ್ಲ. ಬೀದಿಯಲ್ಲಿ ಕೇರಿಯ ಕಾವಲುಗಾರರನ್ನು ಬಿಟ್ಟರೆ ನಾಯಿಗಳಷ್ಟೇ. ಮರುದಿನ ಬೆಳಿಗ್ಗೆ ಜನ ನೆಂಟರ ಮನೆಗಳಿಗೆ ಹೋಗಿ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳುತ್ತಾರೆ. ದರ್ಸನ ಅಕ್ಕನ ಮನೆಗೆಂದು ಹೊರಟದ್ದು ಆ ಮರುದಿನ.

ಸುವಿತ್ರಿಯವರ ಮುಖದಲ್ಲಿದ್ದ ದೊಡ್ಡಮ್ಮ ಮಾಯವಾದಳು. “ಅಂದ್ರೆ ಅವನು ಕಾಣೆಯಾಗೋ ಹಿಂದಿನ ದಿನದ ಮಾತು. ಹತ್ತು ದಿನ ಆದ್ಮೇಲೆ ಆಡಿದ ಆಟಕ್ಕೆ ಅಂಟಿಸಿದ್ದು ಯಾರು ವಿರಾತ?”

“ನಂಗೊತ್ತಿಲ್ಲ ಬು.”

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಮನೆಯವರಿಗೆ ಕಾಣಲ್ವಾ? ನಿನ್ನ ಕಂಪ್ಯೂಟರಲ್ಲೇ ಇದೆ. ಈಗ ತಾನೇ ನೀನೇ ತೆಗೆದು ತೋರ್ಸಿದ್ದು.”

ಅವನು ಬಾಗಿಲ ಕಡೆ ನೋಡಿದ, ಅರ್ತಿನಿಯ ಕಡೆ ನೋಡಿದ. ಆಮೇಲೆ ಹೇಳತೊಡಗಿದ. ನಿಲ್ಲಿಸಿ ನಿಲ್ಲಿಸಿ ಹೇಳಿದ್ದನ್ನು ನಾನು ಒಟ್ಟು ಮಾಡಿ ಹೇಳುತ್ತೇನೆ.

ಮೂರು ವರ್ಷದ ಹಿಂದಿನ ನ್ಯೆಪಿಯಲ್ಲಿ ಬೇಜಾರು ತಡೆಯಲಾರದೆ ದರ್ಸನ ಕಿಟಕಿಗೆ ಕಂಬಳಿ ಕಟ್ಟಿ, ಕಾವಲುಗಾರರಿಗೆ ಕೇಳಿಸದ ಹಾಗೆ ಪಿಸುಗುಟ್ಟುತ್ತ ಒಂದು ಆಟಕ್ಕೆ ಮಾತು ಸೇರಿಸಿದ್ದ. ಅದು ಊರೂರು ಹರಡಿತು. ಅಲ್ಲಿಂದ ಪಿಸುಮಾತೇ ಇವರ ಬಂಡವಾಳ. ಬೇರೆ ದಿನ ಒಂದು ಬೈಕು ಹೋಗುವ ತನಕ ಕಾದು, ಒಂದು ಮಾತು ಹಿಡಿದು, ಮತ್ತೆ ಕಾಯಬೇಕು. ಆದ್ದರಿಂದ ಪ್ರತಿ ನ್ಯೆಪಿಗೂ ಕದ್ದು ಮುಚ್ಚಿ ಕೂತು ವರ್ಷಕ್ಕಾಗುವಷ್ಟು ಪಿಸುಮಾತು ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಿದ್ದರು. ‘ಎಡಗಡೆ’, ‘ಬಲಗಡೆ’, ‘ಬಂದ’, ‘ಸತ್ತ’. ಉಪ್ಪಿನಕಾಯಿ ಹಾಕಿಟ್ಟ ಹಾಗೆ. ವ್ರತದ ದಿನ ಕೆಲಸ ಮಾಡಿದ್ದು ಹೊರಗೆ ಬಂದರೆ ಕೇರಿಯಲ್ಲಿ ತಲೆಯೆತ್ತುವ ಹಾಗಿಲ್ಲ. ಅದಕ್ಕೇ ಪೊಲೀಸರಿಗೂ ಬಾಯಿ ಬಿಡಲಿಲ್ಲ.

ದರ್ಸನ ಹೋದ ದಿನ ಮಧ್ಯಾಹ್ನ ಅವನ ನಂಬರಿನಿಂದ ಒಂದು ಸಂದೇಶ ಬಂತಂತೆ. ಸ್ವಲ್ಪ ದಿನ ಇರುವುದಿಲ್ಲ, ಮನೆಯವರು ಗಾಬರಿಯಾಗದ ಹಾಗೆ ಇಟ್ಟಿರುವ ಮಾತುಗಳನ್ನು ಸೇರಿಸಿ ವಿಡಿಯೊ ಹಾಕುತ್ತಿರು, ಹುಣ್ಣಿಮೆಗೆ ಬರುತ್ತೇನೆ. ಹುಣ್ಣಿಮೆ ಬಂತು. ದರ್ಸನ ಬರಲಿಲ್ಲ, ಫೋನೂ ಆಫ್ ಆಗಿತ್ತು.

“ಆ ಸಂದೇಶ ಬರೆದದ್ದು ಅವನೇ ಅಂತ ಹೆಂಗೆ ನಂಬಿದೆ?” ಎಂದರು ಸುವಿತ್ರಿ.

ವಿರಾತ ಮೌಸನ್ನು ಪಕ್ಕಕ್ಕೆ ಸರಿಸಿದ. “ಅವನ ದನಿ ಇಲ್ಲಾಂದ್ರೆ ನಾನು ಬರೀ ಎರಡು ಕೈ ಬು. ನನ್ನ ಯಾರು ನೋಡ್ತಾರೆ?” ಎಂದಷ್ಟೇ ಹೇಳಿದ. ಅಷ್ಟು ಹೊತ್ತು ಅವನನ್ನು ಎರಡು ಬಾರಿಸಬೇಕು ಅನ್ನಿಸುತ್ತಿತ್ತು ನನಗೆ. ಆ ಮಾತು ಕೇಳಿದ ಮೇಲೆ ಅನ್ನಿಸಲಿಲ್ಲ.

ಅರ್ತಿನಿ ಮಾತ್ರ ಅಳಲಿಲ್ಲ, ಬೈಯಲಿಲ್ಲ. “ದಿನಾ ರಾತ್ರಿ ಅಮ್ಮನ ಕಿವಿಗೆ ಇದನ್ನೇ ಇಡ್ತಿದ್ದೆ. ನೋಡಮ್ಮ, ಮಾತಾಡ್ತಿದಾನೆ, ಬದುಕಿದಾನೆ ಅಂತ,” ಎಂದಳು. ಮತ್ತೆ, ಸೆಕೆ ತಡೆಯಲಾಗುತ್ತಿಲ್ಲ, ಬಾಗಿಲು ತೆಗೆಯಿರಿ ಎಂದಳು.

ವಿರಾತ ಓಡಿ ಹೋಗಿ ಬಾಗಿಲು ತೆಗೆದು ಹಾಗೇ ಬಿಟ್ಟ. ರಸ್ತೆಯ ಗದ್ದಲ, ಬಿಸಿ ಗಾಳಿ ಎರಡೂ ಒಟ್ಟಿಗೆ ನುಗ್ಗಿದವು. ಪಂಕ್ಚರ್ ಅಂಗಡಿಯ ಆಚೆ, ರಸ್ತೆಯೆದುರಿನ ಕಾಫಿ ಅಂಗಡಿಯ ಬೆಂಚಿನಲ್ಲಿ ಅವಳ ಗಂಡ ಮುದಿತ ಕೂತಿದ್ದ. ತಮ್ಮೂರು ಸುಕಾವತಿಯಿಂದ ಹೆಂಡತಿಯನ್ನು ಬೈಕಿನಲ್ಲಿ ಕರೆದುಕೊಂಡು ಬಂದು, ‘ಒಳಗೆ ನಾನ್ಯಾಕೆ, ನೀವು ಮಾತಾಡಿ’ ಎಂದು ಅಲ್ಲೇ ಉಳಿದಿದ್ದ. ಇಪ್ಪತ್ತನಾಲ್ಕು ದಿನವೂ ಪೊಲೀಸ್ ಠಾಣೆ, ಆಸ್ಪತ್ರೆ ಎಂದು ಅವಳ ಜೊತೆ ಅಲೆದಿದ್ದ ಗಂಡ. ನಮ್ಮನ್ನು ನೋಡಿ ಕೈಯೆತ್ತಿದ.

ನನ್ನ ಮನಸ್ಸು ಬಹಳ ಕೆಟ್ಟು ಹೋಗಿತ್ತು. ಇದ್ದೊಂದು ಆಸೆಯನ್ನೂ ಅವಳ ಕೈಯಿಂದ ಕಿತ್ತುಕೊಂಡವನು ನಾನೇ ಅಲ್ಲವೇ. ಇಂಥ ಕಿವಿ ಇದ್ದು ಯಾರಿಗೆ ಏನು ಪ್ರಯೋಜನ ಅನ್ನಿಸಿತು.

ಸುವಿತ್ರಿ ಬಿಡುವವರಲ್ಲ. “ಮೊದಲನೇದು ಸರಿ, ಎರಡನೇದು ಸರಿ. ಮೊನ್ನೆ ಶುಕ್ರವಾರ ಬಂತಲ್ಲ, ಮೂರನೇದು, ಅದಕ್ಕೆ ಯಾವ ಉಪ್ಪಿನಕಾಯಿ ಹಾಕ್ದೆ?”

“ಅದು ನಂದಲ್ಲ.”

“ಮತ್ತೆ ಶುರು ಮಾಡ್ದೆ.”

“ದೇವರಾಣೆ ಬು. ಅದನ್ನ ಆಡಿರೋ ರೀತಿ ನೋಡಿದೀರಾ? ಎರಡು ಸಲ ಸಾಯ್ತಾನೆ. ಅದೂ ಬಯಲಲ್ಲಿ, ಎದ್ದು ನಿಂತು. ಜನ ಎಲ್ಲ ನಂಗೆ ಕೈಗೆ ಲಕ್ವ ಹೊಡೀತಾ ಅಂತ ಬರೀತಿದಾರೆ.” ಅವನ ದನಿಯಲ್ಲಿ ಮೊದಲ ಬಾರಿಗೆ ರೋಷ ಬಂದಿತ್ತು. “ನಾನು ಸುಳ್ಳು ಹೇಳ್ಬಹುದು. ಅಷ್ಟು ಕೆಟ್ಟದಾಗಿ ಆಡಕ್ಕೆ ನಂಗೆ ಬರಲ್ಲ.”

ಸುವಿತ್ರಿ ನನ್ನ ಮುಖ ನೋಡಿದರು. ಅದು ನಿಜವೆಂದು ಇಬ್ಬರಿಗೂ ಅನ್ನಿಸಿತ್ತು.

ಅದನ್ನು ಆಡಿದವರು ಯಾರು ಎಂದು ಕೇಳಿದರೆ, ದರ್ಸನನೇ ಇರಬೇಕು, ಪಾಸ್‌ವರ್ಡು ಅವನ ಬಳಿಯೂ ಇದೆ, ಅವನು ಹೀಗೇ ಆಡುವುದು ಎಂದ. ಹುಣ್ಣಿಮೆ ದಾಟಿದ ಮೇಲಾದರೂ ಬಂದು, ತನ್ನ ಮೇಲೆ ಸಿಟ್ಟಾಗಿ ಬೇರೆ ಮಾಡುತ್ತಿದ್ದಾನೆ ಅಂದುಕೊಂಡಿದ್ದನಂತೆ. ಆ ವಿಡಿಯೊದಲ್ಲಿ ಕಾಣುವ ಕಾಡು, ಸೇತುವೆ ಎಲ್ಲ ಆಟಕ್ಕೆ ಹೊಸದು. ಆಟ ಮಾಡುವ ಕಂಪನಿಯವರು ಕಳೆದ ಬುಧವಾರವಷ್ಟೇ ಸೇರಿಸಿದ್ದು. ಪಿಸುಮಾತಿನಲ್ಲಿ ಆ ಸೇತುವೆಯ ಮಾತೂ ಇತ್ತು.

ಬುಧವಾರದ ತನಕ ಇಲ್ಲದ ಸೇತುವೆಯ ಬಗ್ಗೆ ನ್ಯೆಪಿ ದಿನ ಯಾರೂ ಪಿಸುಗುಟ್ಟಲಾರರು. ಅಂದರೆ ಬುಧವಾರಕ್ಕೂ ಶುಕ್ರವಾರಕ್ಕೂ ನಡುವೆ ದರ್ಸನ ಬದುಕಿದ್ದ. ಅರ್ತಿನಿ ಚಾಪೆಯಿಂದ ಎದ್ದು ಬಂದು ಪರದೆಯ ಮುಂದೆ ನಿಂತಳು.

ಈ ವಿಡಿಯೊದ ಮಾತಿನ ಸಾಲು ನಮ್ಮ ಬಳಿ ಬೇರೆಯಾಗಿ ಇರಲಿಲ್ಲ. ಎಲ್ಲ ಕಲಸಿ ಹೊರಗೆ ಬಂದದ್ದೇ ಇತ್ತು. ನಾನು ಮತ್ತೆ ಹೆಡ್‌ಫೋನು ಹಾಕಿಕೊಂಡು, ಗುಂಡು, ಓಟ, ಪಿಸುಮಾತು ಎಲ್ಲದರ ಸಂದಿಯಲ್ಲಿ ಕಿವಿ ತೂರಿಸುತ್ತ ಹೋದೆ. ಏಳನೆಯ ನಿಮಿಷದಲ್ಲಿ ಆಟದವನು ಎತ್ತರದ ಹುಲ್ಲಿನಲ್ಲಿ ಸುಮ್ಮನೆ ಕೂತುಬಿಟ್ಟ. ಮಳೆಯ ಸದ್ದು, ದೂರದ ಗುಂಡಿನ ಸದ್ದು ಮೆಲ್ಲಗೆ ತಗ್ಗಿದವು.

ಈಗ ಮಾತು ಬರಬೇಕು. ಬರಲಿಲ್ಲ.

“ಹಿಂದೆ ಹಾಕು,” ಎಂದೆ. ಎರಡು ಸಲ ಕೇಳಿದೆ. ಹನ್ನೊಂದು ಸೆಕೆಂಡು. ಆಟದ ಸದ್ದು ತಗ್ಗಿದೆ, ಪಿಸುಮಾತು ಇಲ್ಲ. ಆ ಜಾಗದಲ್ಲಿ ಒಂದು ಹಕ್ಕಿ ಹಾಡುತ್ತಿತ್ತು. ಆಮೇಲೆ ಆಟದ ಸದ್ದು ಮತ್ತೆ ಏರಿತು.

“ಆಟದಲ್ಲಿ ಈ ಥರ ಹಕ್ಕಿ ಇದೆಯಾ?” ಎಂದು ಕೇಳಿದೆ.

ಇಲ್ಲವೆಂದ ವಿರಾತ. ಮತ್ತೆ ತಾನೇ ಕೇಳಿಸಿಕೊಂಡು ಹುಬ್ಬು ಗಂಟಿಕ್ಕಿದ. “ದರ್ಸನ ಒಂದು ಕೆಮ್ಮು ಬಂದ್ರೂ ಇಡೀ ಮಾತು ಅಳಿಸಿ ಮತ್ತೆ ಹೇಳೋನು ಪಾಕ್. ಹಕ್ಕಿ ಹೆಂಗೆ ಬಿಟ್ಟ?”

“ಬಿಟ್ಟಿಲ್ಲ. ಸೇರಿಸಿದಾನೆ,” ಎಂದೆ. “ನೀನೇ ಹೇಳ್ದೆಯಲ್ಲ, ಸದ್ದು ತಗ್ಗಿಸೋದು ಜಾಗ ಮಾಡಿಕೊಡಕ್ಕೆ ಅಂತ. ಹಕ್ಕಿಗೆ ಜಾಗ ಮಾಡಿಕೊಟ್ಟಿದಾನೆ.”

ಹುಡುಗ ಬದುಕಿದ್ದಾನೆಂದು ಪೊಲೀಸರು ನಂಬಿ ಫೈಲು ಮುಚ್ಚಲಿ ಎಂದು ಯಾರೋ ಎದುರಿಗೆ ಕೂತು ಹೇಳಿಸಿ ಮಾಡಿಸಿದ್ದಾರೆ, ಇವನು ಅವರ ಕಣ್ಣೆದುರಿಗೇ ಒಂದು ಸಾಲು ಹೆಚ್ಚಿಗೆ ತುರುಕಿದ್ದಾನೆ ಎಂದರು ಸುವಿತ್ರಿ. ಕೈ ಬಾಯಿ ಯಾರದೋ ಹಿಡಿತದಲ್ಲಿರುವ ಹುಡುಗ, ತನಗೆ ಗೊತ್ತಿದ್ದ ಒಂದೇ ವಿದ್ಯೆಯಿಂದ ಕೂಗಿ ಕರೆದಿದ್ದ. ಮೂರು ದಿನದಿಂದ ಲಕ್ಷ ಜನ ಅದನ್ನು ಕೇಳಿ, ಕೈಗೆ ಲಕ್ವ ಹೊಡೆಯಿತೇ ಎಂದು ನಕ್ಕಿದ್ದರು.

“ಯಾವ ಹಕ್ಕಿ?” ಎಂದಳು ಅರ್ತಿನಿ.

ಅವಳೂ ಕೇಳಲಿ ಎಂದು ನಾನು ಹೆಡ್‌ಫೋನಿನ ತಂತಿ ಕಿತ್ತೆ. ಹಕ್ಕಿಯ ದನಿ ಎರಡು ದೊಡ್ಡ ಸ್ಪೀಕರುಗಳಿಂದ ಕೋಣೆ ತುಂಬ ಹರಿಯಿತು. ಹಾಡಿನ ಪಂದ್ಯಕ್ಕೆ ಸಾಕುವ ಮುರಾಯಿ ಹಕ್ಕಿ ಅದು. ಮೂರು ಸುತ್ತು ಸಿಳ್ಳೆ ಹಾಕಿ, ನಡುವೆ ಬೆಕ್ಕಿನ ಮರಿಯ ಹಾಗೆ ಕೂಗಿ, ಕೊನೆಗೆ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್‍ರ್ ಎಂದು ಎಳೆದು ನಿಲ್ಲಿಸಿತು.

“ಇನ್ನೊಂದ್ಸಲ,” ಎಂದಳು.

ಇನ್ನೊಂದು ಸಲ ಹಾಕಿದೆವು.

“ಅದು ನಮ್ಮ ಅಡುಗೆಮನೆ ಬಾಗಿಲು,” ಎಂದಳು. “ಎಣ್ಣೆ ಬಿಡಿ ಅಂತ ಅತ್ತೆ ಎರಡು ವರ್ಷದಿಂದ ಹೇಳ್ತಿದಾರೆ. ಬಿಡಬೇಡಿ, ಹಕ್ಕಿ ಅದನ್ನ ಕಲ್ತಿದೆ, ಅದಕ್ಕೇ ಬಹುಮಾನ ಬರೋದು ಅಂತ ಅವರು ಬಿಡ್ಲಿಲ್ಲ. ಇದು ನಮ್ಮನೆ ಹಕ್ಕಿ ಬು.”

‘ಅವರು’ ಎಂದರೆ ಯಾರೆಂದು ಯಾರೂ ಕೇಳಲಿಲ್ಲ.

ಹಕ್ಕಿಯನ್ನು ಹೊರಗೆ ಎಲ್ಲಾದರೂ ಒಯ್ದಿದ್ದರೇ ಎಂದು ಸುವಿತ್ರಿ ಮೆಲ್ಲಗೆ ವಿಚಾರಿಸಿದರು. ತಿಂಗಳಿಂದ ಮನೆ ಬಿಟ್ಟಿಲ್ಲ, ಪಂದ್ಯ ಹತ್ತಿರವಿದೆ ಎಂದಳು. ಪಂಜರ ಎಲ್ಲಿರುತ್ತದೆ? ಕಣಜದ ಹಿಂದೆ, ಹಳೆಯ ಕೋಣೆಯ ಸೂರಿಗೆ. ಆ ಕೋಣೆಗೆ ಬೀಗ. ಹಕ್ಕಿ ಬೆದರುತ್ತದೆ, ಬೆಳಗಿನ ಪೂಜೆಯ ಹೂವು ಇಡುವುದೊಂದು ಬಿಟ್ಟು ಯಾರೂ ಆ ಕಡೆ ಸುಳಿಯಬಾರದು ಎಂದು ಮುದಿತನ ಕಟ್ಟಪ್ಪಣೆ. ನ್ಯೆಪಿಯ ಮರುದಿನ ದರ್ಸನ ಅವರ ಮನೆಗೆ ಹೊರಟ ಹೊತ್ತಿಗೆ ಅರ್ತಿನಿ ಅತ್ತೆಯ ಜೊತೆ ಬೇರೆ ನೆಂಟರ ಮನೆಯಲ್ಲಿದ್ದಳು. ಮನೆಯಲ್ಲಿದ್ದದ್ದು ಮುದಿತ ಒಬ್ಬನೇ. ಯಾರೂ ಬರಲಿಲ್ಲ ಎಂದು ಹೇಳಿದವನೂ ಅವನೇ. ಯಾಕೆ ಹಿಡಿದಿಟ್ಟ ಎಂದು ಯೋಚಿಸುವ ಹೊತ್ತು ಅದಲ್ಲ, ಮೊದಲು ಹುಡುಗ ಕೈಗೆ ಸಿಗಬೇಕಿತ್ತು.

ಮೂರನೆಯ ವಿಡಿಯೊವನ್ನು ಅವಳು ಹತ್ತು ಸಲ ಕೇಳಿದ್ದಳಂತೆ. ಅಡುಗೆಮನೆಯಲ್ಲಿ ನಿಂತು, ಆ ಹಕ್ಕಿ ಹಿತ್ತಿಲಲ್ಲಿ ಹಾಡುತ್ತಿರುವಾಗಲೇ. ಮನೆಯ ಸದ್ದು ಮನೆಯವರ ಕಿವಿಗೆ ಬೀಳುವುದಿಲ್ಲ. ವಿಡಿಯೊ ಮಾಡಿಸಿದವನಿಗೂ ಅದಕ್ಕೇ ಗೊತ್ತಾಗಿರಲಿಲ್ಲ.

“ದಿನಾ ಬೆಳಿಗ್ಗೆ ಆ ಬೀಗ ಹಾಕಿದ ಬಾಗಿಲ ಮುಂದೆ ಹೂವು ಅಕ್ಕಿ ಇಟ್ಟು ಕೈ ಮುಗಿದು ಬರ್ತೀನಿ ಬು,” ಎಂದಳು. “ಇವತ್ತೂ ಇಟ್ಟು ಬಂದೆ.”

ಅಷ್ಟು ಹೊತ್ತು ತಡೆದಿದ್ದದ್ದು ಆಗ ಒಡೆಯಿತು. ಸುವಿತ್ರಿ ಅವಳನ್ನು ತಬ್ಬಿಕೊಂಡು, ಬಾಯಿ ಮುಚ್ಚಿಕೊಂಡು ಅತ್ತುಬಿಡು, ಮುಖ ತೊಳೆದುಕೋ, ಏನೂ ಆಗಿಲ್ಲವೆನ್ನುವ ಹಾಗೆ ಹೊರಗೆ ಬಾ ಎಂದರು. ಅವರ ಉಪಾಯ ಇಷ್ಟು: ವಿರಾತ ಸಿಕ್ಕಿಬಿದ್ದ, ಎಲ್ಲ ಹಳೆಯ ಮಾತು, ಬಾಕಿ ವಿಚಾರಣೆಗೆ ಠಾಣೆಗೆ ಹೋಗೋಣ ಎಂದು ಮುದಿತನಿಗೆ ಹೇಳುವುದು. ಅವನನ್ನು ಠಾಣೆಯಲ್ಲಿ ಕೂರಿಸಿ, ಮನೆಗೆ ಜನ ಕಳಿಸುವುದು. ಹೆಂಡತಿಯ ಮುಖ ನೋಡಿದರೆ ಅವನಿಗೆ ಅನುಮಾನ ಬರಬಾರದು. ಅದಕ್ಕಾಗಿ ನಾವು ಕಾದೆವು. ವಿರಾತ ನೀರು ತಂದ, ಅವಳು ಮುಖ ತೊಳೆದಳು, ಕೂದಲು ಕಟ್ಟಿದಳು, ಮತ್ತೆ ಅತ್ತಳು, ಮತ್ತೆ ತೊಳೆದಳು.

ಕೊನೆಗೆ ಉಟ್ಟ ಬಟ್ಟೆ ಸರಿಮಾಡಿಕೊಂಡು ನಗುಮುಖ ಮಾಡಿ ಅವಳೇ ಮುಂದಾಗಿ ನಡೆದಳು. ಆ ಧೈರ್ಯಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಎದುರಿನ ಬೆಂಚು ಖಾಲಿಯಿತ್ತು.

ಕಾಫಿ ಅಂಗಡಿಯ ಹೆಂಗಸು ಲೋಟ ಎತ್ತಿಕೊಳ್ಳುತ್ತಿದ್ದಳು. ಅರ್ಧ ಕಾಫಿ ಹಾಗೇ ಇತ್ತು. “ನಿಮ್ಮೆಜಮಾನ್ರಾ? ಹೋದ್ರಲ್ಲ,” ಎಂದಳು. “ಒಳಗಿಂದ ಯಾವುದೋ ಹಕ್ಕಿ ಕೂಗಿದ್ದು ಕೇಳ್ತು. ತಲೆ ಎತ್ತಿ ನೋಡಿದ್ರು. ಎರಡನೇ ಸಲ ಕೂಗಿದ ಕೂಡ್ಲೆ ಬೈಕ್ ಹತ್ತಿ ಹೋದ್ರು. ಒಂದು ಮಾತೂ ಆಡ್ಲಿಲ್ಲ.”

ಎಷ್ಟು ಹೊತ್ತಾಯಿತು ಎಂದು ಕೇಳಿದ್ದಕ್ಕೆ ಅವಳು ಗೋಡೆಯ ಗಡಿಯಾರ ನೋಡಿ, ಕಾಲು ಗಂಟೆ ಆಗಿರಬೇಕು ಎಂದಳು. ಸುವಿತ್ರಿ ಆಗಲೇ ಸುಕಾವತಿ ಠಾಣೆಗೆ ಫೋನು ಹಚ್ಚಿ ಕಿವಿಗಿಟ್ಟಿದ್ದರು. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತುತ್ತಿರಲಿಲ್ಲ. ಅರ್ತಿನಿ ಬರಿಗಾಲಲ್ಲೇ ರಸ್ತೆಯ ನಡುವೆ ನಿಂತು ಸಿಕ್ಕಿದ ವಾಹನಕ್ಕೆಲ್ಲ ಕೈ ಅಡ್ಡ ಹಿಡಿಯುತ್ತಿದ್ದಳು.

ಸುಕಾವತಿಗೆ ಅರ್ಧ ಗಂಟೆಯ ದಾರಿ. ಅವನು ಕಾಲು ಗಂಟೆ ಮುಂದಿದ್ದ. ಹೆಡ್‌ಫೋನಿನ ತಂತಿ ಕಿತ್ತು ಆ ಕಾಲು ಗಂಟೆಯನ್ನು ಅವನಿಗೆ ಕೊಟ್ಟವನು ನಾನು.